ಬೇಸಿಗೆಯಲ್ಲಿ ಮಲಗುವ ಅಯೋನಿಯಂ: ಚಿಕ್ಕಬಳ್ಳಾಪುರದ ತಾರಸಿಯಲ್ಲಿ ವರ್ಷವಿಡೀ ಉಳಿಸಿಕೊಳ್ಳುವ ಕ್ರಮ

ಏಪ್ರಿಲ್ ಎರಡನೇ ವಾರ ದಾಟಿತೆಂದರೆ ನಮ್ಮ ಮನೆಗೆ ಕುಂಡಗಳು ಬರಲು ಶುರು. ಶಿಡ್ಲಘಟ್ಟದಿಂದ, ಚಿಂತಾಮಣಿಯಿಂದ, ಇಲ್ಲೇ ಹಿಂದಿನ ಬೀದಿಯಿಂದ. ಎಲ್ಲರ ಕೈಯಲ್ಲೂ ಅಯೋನಿಯಂ, ಅಂದರೆ ಎಲೆಗಳು ಹೂವಿನಂತೆ ಚಕ್ರವಾಗಿ ಕೂತಿರುವ, ಮೈಯಲ್ಲಿ ನೀರು ಕೂಡಿಡುವ ಸಕ್ಯುಲೆಂಟ್ ಗಿಡ. ಎಲ್ಲರದೂ ಒಂದೇ ಮಾತು: "ಎಲೆ ಉದುರ್ತಾ ಇತ್ತು, ಬಿಸಿಲಿಗೆ ಬಾಡ್ತಿದೆ ಅಂತ ದಿನಾ ನೀರು ಹಾಕಿದೆ. ಒಂದು ವಾರಕ್ಕೆ ಬುಡವೇ ಮೆತ್ತಗಾಗೋಯ್ತು."

ಆ ಗಿಡ ಬಾಡಿರಲಿಲ್ಲ, ಮಲಗಿತ್ತು. ಅಯೋನಿಯಂಗಳ ಮುಖ್ಯ ತವರು ಕ್ಯಾನರಿ ದ್ವೀಪಗಳು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಹಾಗಾಗಿ ಈ ಗಿಡ ತಂಪಿನಲ್ಲಿ ಬೆಳೆದು ಸೆಕೆಯಲ್ಲಿ ಎಲೆ ಮುಚ್ಚಿಕೊಂಡು ಸುಮ್ಮನಿರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಕಷ್ಟ ಎಲ್ಲಿದೆ ಎಂದರೆ, ಮಳೆ ಬೀಳುವುದು ಸೆಕೆಯ ಬೆನ್ನಿಗೇ. ಗಿಡ ಇನ್ನೂ ನಿದ್ದೆಯಲ್ಲಿರುವಾಗಲೇ ಬೇರಿಗೆ ಬೆಚ್ಚನೆಯ ನೀರು ಸೇರುತ್ತದೆ. ಕುಡಿಯದ ಬೇರಿನ ಸುತ್ತ ನೀರು ನಿಂತರೆ ಗಾಳಿ ಆಡುವುದಿಲ್ಲ, ಶಿಲೀಂಧ್ರ ಹಿಡಿಯುತ್ತದೆ, ಬುಡ ಕೊಳೆಯುತ್ತದೆ.

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೀರಿನ ಚೊಂಬು ಎತ್ತುವ ಮೊದಲು ಕಾಂಡವನ್ನು ಎರಡು ಬೆರಳಿನ ನಡುವೆ ಒತ್ತಿ ನೋಡಿ. ಎಲೆ ನೋಡಿ ನೀರು ಹಾಕಿದವರೇ ಗಿಡ ಕಳೆದುಕೊಂಡಿರುವುದು.

## ಮೊದಲು ನಿಮ್ಮ ಬಳಿ ಇರುವುದು ಅಯೋನಿಯಂ ಹೌದೇ ನೋಡಿ

ನರ್ಸರಿಗಳಲ್ಲಿ ಹೂವಿನಾಕಾರದ ಸಕ್ಯುಲೆಂಟ್‌ಗಳನ್ನೆಲ್ಲ ಒಂದೇ ಸಾಲಿನಲ್ಲಿ ಇಟ್ಟು ಮಾರುತ್ತಾರೆ. ಎಚೆವೇರಿಯಾಕ್ಕೂ ಅಯೋನಿಯಂಗೂ ಆರೈಕೆ ಬೇರೆ, ಆದ್ದರಿಂದ ಗುರುತು ತಪ್ಪಿದರೆ ಮುಂದಿನ ಹಂತಗಳೆಲ್ಲ ತಪ್ಪುತ್ತವೆ.

ಅಯೋನಿಯಂನ ಎಲೆ ತೆಳು, ಬಹಳಷ್ಟು ಬಗೆಗಳಲ್ಲಿ ಅಂಚಿಗೆ ಸಣ್ಣ ರೋಮಗಳಿರುತ್ತವೆ. ಬೆಳಕಿಗೆ ಹಿಡಿದರೆ ಕಾಣುತ್ತವೆ. ಎಲೆಗಳ ಚಕ್ರ ಸಾಮಾನ್ಯವಾಗಿ ಮರದಂಥ ಗಟ್ಟಿ ಕಾಂಡದ ತುದಿಯಲ್ಲಿ ಕೂತಿರುತ್ತದೆ, ಕಾಂಡದ ಮೇಲೆ ಉದುರಿದ ಎಲೆಗಳ ಗಾಯದ ಗುರುತು ಸಾಲಾಗಿ ಉಳಿದಿರುತ್ತದೆ. ಎಚೆವೇರಿಯಾದ ಎಲೆ ದಪ್ಪ, ಅನೇಕ ಸಲ ಬೂದಿ ಬಳಿದ ಹಾಗೆ ಪುಡಿ ಹತ್ತಿರುತ್ತದೆ, ಕಾಂಡ ಗಿಡ್ಡ. ಕಪ್ಪು ನೇರಳೆ ಬಣ್ಣದ 'ಜ್ವಾರ್ಟ್‌ಕಾಪ್' ನಮ್ಮಲ್ಲಿ ಹೆಚ್ಚು ಜನ ಕೇಳಿ ತರುವ ಅಯೋನಿಯಂ. ಈ ಲೇಖನದ ಲೆಕ್ಕ ಅದಕ್ಕೂ ಹಸಿರು ಬಗೆಗಳಿಗೂ ಹೊಂದುತ್ತದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ತಳದಲ್ಲಿ ತೂತಿರುವ 5 ಅಥವಾ 6 ಇಂಚಿನ ಮಣ್ಣಿನ ಕುಂಡ. ಜರಡಿ. ಸುಟ್ಟು ಉಳಿದ ಊದುಬತ್ತಿ ಕಡ್ಡಿಗಳು, ಮಣ್ಣಿನ ತೇವ ನೋಡಲು ಇವಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಹೊಸ ಬ್ಲೇಡು, ಅದನ್ನು ಒರೆಸಲು ಮೆಡಿಕಲ್ ಅಂಗಡಿಯ ಸ್ಪಿರಿಟ್, ಹತ್ತಿ. ಇದ್ದಿಲಿನ ಚೂರು. 50 ಪರ್ಸೆಂಟ್ ನೆರಳು ಬಲೆಯ ಒಂದು ತುಂಡು. ಪಾಲಿಹೌಸ್‌ಗಳು ತುಂಬಿರುವ ನಮ್ಮ ಕಡೆ ಬಲೆ ಹುಡುಕಿ ಅಲೆಯಬೇಕಿಲ್ಲ, ಹೂವಿನ ಬೆಳೆ ಇಡುವ ರೈತರ ಹತ್ತಿರ ಉಳಿದ ಚೂರು ಸಿಗುತ್ತದೆ. ಮಳೆಗೆ ಮರೆ ಮಾಡಲು ಒಂದು ಪಾರದರ್ಶಕ ಶೀಟು ಇದ್ದರೆ ಬಹಳ ಒಳ್ಳೆಯದು.

## ಹಂತ 1: ಮಣ್ಣು ಹದ ಮಾಡಿ ಕುಂಡ ಬದಲಿಸುವುದು (ಸ್ವಾತಿ ಮಳೆ ಕಳೆದ ಮೇಲೆ)

ಈ ಗಿಡಕ್ಕೆ ಹೊಸ ವರ್ಷ ಯುಗಾದಿಯಲ್ಲ. ನವೆಂಬರ್ ಮೊದಲ ವಾರ, ಅಂದರೆ ಸ್ವಾತಿ ಮಳೆ ತೀರಿ ಬೆಳಗ್ಗೆ ಇಬ್ಬನಿ ಬೀಳತೊಡಗಿದಾಗ ಅದರ ವರ್ಷ ಆರಂಭ. ಕುಂಡ ಬದಲಿಸುವುದು, ಕತ್ತರಿಸುವುದು, ಗೊಬ್ಬರ ಕೊಡುವುದು ಎಲ್ಲ ಇಲ್ಲಿಂದ ಜನವರಿ ಕೊನೆಯ ಒಳಗೆ ಮುಗಿಯಬೇಕು. ಮಾರ್ಚಿನಲ್ಲಿ ಗಿಡ ಕೊಂಡು ತಂದಿದ್ದರೆ ಕುಂಡ ಬದಲಿಸಲು ಹೋಗಬೇಡಿ. ನೇರ ಹಂತ 4ಕ್ಕೆ ಹೋಗಿ, ನೆರಳಿಗಿಟ್ಟು, ಚಳಿ ಬರುವ ತನಕ ಕಾಯಿರಿ.

ಅಳತೆ ಇಷ್ಟು: ಕಡಲೆಕಾಳು ಗಾತ್ರಕ್ಕೆ ಕುಟ್ಟಿದ ಇಟ್ಟಿಗೆ ಚೂರು ಎರಡು ಬಟ್ಟಲು, ತೊಳೆದ ದಪ್ಪ ಮರಳು ಒಂದು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು, ಪೂರ್ತಿ ಕಳಿತ ಎರೆಗೊಬ್ಬರ ಒಂದು, ಇದ್ದಿಲು ಅರ್ಧ. ಇಟ್ಟಿಗೆ ಕುಟ್ಟಿದ ಮೇಲೆ ಜರಡಿ ಹಿಡಿದು ಪುಡಿಯನ್ನು ಎಸೆಯಲೇಬೇಕು. ಎಂ-ಸ್ಯಾಂಡ್ ಬಳಸುವವರು ಬಕೆಟ್‌ನಲ್ಲಿ ಹಾಕಿ, ಮೇಲಿನ ನೀರು ತಿಳಿಯಾಗುವವರೆಗೆ ತೊಳೆಯಿರಿ. ಆ ಬೂದು ಹುಡಿ ಕೆಳಗಿಳಿದು ಕುಂಡದ ತಳದಲ್ಲಿ ಸಿಮೆಂಟಿನಂತೆ ಕೂರುತ್ತದೆ.

ಹೊಲದ ಕೆಮ್ಮಣ್ಣು ಹಾಕಬಹುದೇ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ರಾಗಿಗೆ, ಹಿಪ್ಪುನೇರಳೆಗೆ ಚಿನ್ನದಂಥ ಮಣ್ಣು ಅದು; ಸಣ್ಣ ಕುಂಡದಲ್ಲಿ ಮಾತ್ರ ಬೇಡ. ಒಣಗಿದಾಗ ಗಟ್ಟಿಯಾಗಿ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿಯಲ್ಲಿ ಇಳಿದು ಹೊರಗೆ ಹೋಗುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಅಂಟಾಗಿ ವಾರಗಟ್ಟಲೆ ಆರುವುದಿಲ್ಲ.

ನರ್ಸರಿ ಗಿಡದ ಬೇರಿನ ಸುತ್ತ ಬರೀ ಕೋಕೋಪೀಟ್ ಇರುತ್ತದೆ. ಅದನ್ನು ಹಾಗೆಯೇ ಹೊಸ ಮಣ್ಣಿನೊಳಗೆ ಇಳಿಸಬೇಡಿ. ಎರಡು ದಿನ ನೀರು ನಿಲ್ಲಿಸಿ, ಒಣಗಿದ ಉಂಡೆಯನ್ನು ಬೆರಳಿನಲ್ಲಿ ಮೆಲ್ಲಗೆ ಉದುರಿಸಿ. ಸಣ್ಣ ಬೇರು ಒಂದಷ್ಟು ಹರಿಯುತ್ತದೆ, ಚಿಂತೆಯಿಲ್ಲ, ಈ ಕಾಲದಲ್ಲಿ ಬೇಗ ಚಿಗುರುತ್ತವೆ. ಗಿಡ ಕೂರಿಸಿದ ಮೇಲೆ ನಾಲ್ಕೈದು ದಿನ ನೀರು ಹಾಕದೆ ನೆರಳಿನಲ್ಲಿಡಿ, ಹರಿದ ಬೇರಿನ ಗಾಯ ಆರಲಿ.

ತಳದಲ್ಲಿ ಎರಡು ಇಂಚು ಜಲ್ಲಿ ಹಾಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ಸಣ್ಣ ಕಣದ ಮಣ್ಣಿನಲ್ಲಿರುವ ನೀರು ದಪ್ಪ ಜಲ್ಲಿಯೊಳಗೆ ಸುಲಭಕ್ಕೆ ಇಳಿಯುವುದಿಲ್ಲ. ಜಲ್ಲಿಯ ಮೇಲ್ಭಾಗದಲ್ಲೇ, ಬೇರಿರುವ ಜಾಗದಲ್ಲೇ, ನಿಂತುಬಿಡುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಹದ ಸರಿಯಿದೆಯೇ ತಿಳಿಯಲು ಗಿಡ ನೆಡುವ ಮೊದಲು ಕುಂಡಕ್ಕೆ ಒಂದು ಲೋಟ ನೀರು ಸುರಿಯಿರಿ. ಹತ್ತು ಎಣಿಸುವುದರೊಳಗೆ ಕೆಳಗಿನಿಂದ ತೊಟ್ಟಿಕ್ಕಬೇಕು. ಮೇಲೆ ಮಡುಗಟ್ಟಿದರೆ ಇನ್ನಷ್ಟು ಇಟ್ಟಿಗೆ ಚೂರು ಬೆರೆಸಿ.

## ಹಂತ 2: ಚಳಿಗಾಲದಲ್ಲಿ ಹೊಟ್ಟೆ ತುಂಬಿಸುವುದು (ನವೆಂಬರ್‌ನಿಂದ ಫೆಬ್ರವರಿ)

ಹಗಲು 25 ಡಿಗ್ರಿ ಆಸುಪಾಸು, ರಾತ್ರಿ 15ರ ಸುತ್ತ. ನಂದಿ ಬೆಟ್ಟದ ಕಡೆಯಿಂದ ಚಳಿಗಾಳಿ ಬೀಸುವ ಈ ದಿನಗಳೇ ಅಯೋನಿಯಂಗೆ ಪ್ರಾಣ. ನಾವು ಸ್ವೆಟರ್ ಹುಡುಕುವಾಗ ಅದು ಚಕ್ರ ಬಿಚ್ಚಿ ಅಗಲವಾಗುತ್ತದೆ. ಜನ ತಪ್ಪುವುದು ಇಲ್ಲಿಯೂ ಉಂಟು: "ಸಕ್ಯುಲೆಂಟ್ ಅಲ್ವಾ, ಚಳಿಗೆ ನೀರು ಕಡಿಮೆ ಸಾಕು" ಎಂದು ಒಣಗಿಸುತ್ತಾರೆ. ಬೆಳೆಯುವ ಕಾಲದಲ್ಲಿ ಹಸಿದ ಗಿಡಕ್ಕೆ ಬೇಸಿಗೆ ದಾಟುವ ಶಕ್ತಿ ಇರುವುದಿಲ್ಲ.

ಊದುಬತ್ತಿ ಕಡ್ಡಿಯನ್ನು ಕುಂಡದ ಅಂಚಿನಲ್ಲಿ ಮೂರು ಇಂಚು ಇಳಿಸಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಒಣಗಿ ಬಂದರೆ ತಳದಿಂದ ಹರಿಯುವಷ್ಟು ಧಾರಾಳವಾಗಿ ನೀರು ಹಾಕಿ. ತಾರಸಿಯ ಮೇಲೆ ಇದು ಆರರಿಂದ ಎಂಟು ದಿನಕ್ಕೊಮ್ಮೆ ಬರಬಹುದು, ನಿಮ್ಮ ಮನೆಯ ಗಾಳಿ ಬೆಳಕು ನೋಡಿ ಹೆಚ್ಚುಕಮ್ಮಿ. ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ.

ನಮ್ಮ ಬೋರ್‌ವೆಲ್ ನೀರು ಗಡಸು. ಸಾವಿರ ಅಡಿ ಕೆಳಗಿನಿಂದ ಬಂದ ನೀರು ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿರುತ್ತೀರಿ. ಆ ಉಪ್ಪು ಮಣ್ಣಿನಲ್ಲೂ ಕೂರುತ್ತದೆ, ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ. ಹಸ್ತ, ಚಿತ್ತೆ ಮಳೆಯ ನೀರನ್ನು ಎರಡು ಕ್ಯಾನಿನಲ್ಲಿ ಹಿಡಿದು, ಬಿಗಿ ಮುಚ್ಚಳ ಹಾಕಿ ಇಟ್ಟುಕೊಂಡರೆ ಕೆಲವೇ ಕುಂಡ ಇರುವವರಿಗೆ ಚಳಿಗಾಲದ ಬಹುಪಾಲು ಸಾಗುತ್ತದೆ. ಅದಿಲ್ಲದವರು ತಿಂಗಳಿಗೊಮ್ಮೆ ಕುಂಡದ ಮೂರು ಪಟ್ಟು ನೀರು ಸುರಿದು ಉಪ್ಪು ತೊಳೆಯಿರಿ. ಈ ತೊಳೆತ ಚಳಿಗಾಲದಲ್ಲಿ ಮಾತ್ರ.

ಬಿಸಿಲು ದಿನಕ್ಕೆ ಐದಾರು ಗಂಟೆ ಬೇಕು. ನೆರಳಿನಿಂದ ತಂದವರು ಮೊದಲ ವಾರ ಬೆಳಗ್ಗೆ ಎರಡು ಗಂಟೆ ಮಾತ್ರ ತೋರಿಸಿ, ಆಮೇಲೆ ಹೆಚ್ಚಿಸಿ. ಸುಟ್ಟ ಕಲೆ ಮತ್ತೆ ಮಾಸುವುದಿಲ್ಲ. ಬೆಳಕು ಸಾಲದಿದ್ದರೆ ಚಕ್ರ ಸಡಿಲವಾಗಿ ಕಾಂಡ ಉದ್ದವಾಗುತ್ತದೆ, ಜ್ವಾರ್ಟ್‌ಕಾಪ್ ಹಸಿರಾಗುತ್ತದೆ.

ಗೊಬ್ಬರ ಎರಡೇ ಸಲ: ನವೆಂಬರ್ ಕೊನೆಗೊಮ್ಮೆ, ಜನವರಿ ಮೊದಲಿಗೊಮ್ಮೆ, ಮೇಲ್ಪದರಕ್ಕೆ ಒಂದು ಚಮಚ ಎರೆಗೊಬ್ಬರ.

## ಹಂತ 3: ಕತ್ತರಿಸಿ ಹೊಸ ಗಿಡ ಮಾಡುವುದು (ಡಿಸೆಂಬರ್, ಜನವರಿ)

ಬೇಸಿಗೆಗೆ ಮುಂಚೆ ಒಂದು ತುಂಡನ್ನು ಬೇರೆ ಕುಂಡದಲ್ಲಿ ಬದುಕಿಸಿ ಇಡಿ. ತಾಯಿಗಿಡಕ್ಕೆ ಏನಾದರೂ ಆದರೆ ವಂಶ ಉಳಿಯುತ್ತದೆ.

ಎಲೆ ಕಿತ್ತು ಮಣ್ಣಿನ ಮೇಲಿಟ್ಟು ತಿಂಗಳುಗಟ್ಟಲೆ ಕಾಯುವವರನ್ನು ನೋಡಿದ್ದೇನೆ. ಎಚೆವೇರಿಯಾಕ್ಕೆ ಅದು ಸರಿ, ಅಯೋನಿಯಂನ ಒಂಟಿ ಎಲೆ ಚಿಗುರುವುದು ತೀರಾ ಅಪರೂಪ. ಕಾಂಡ ಬೇಕು. ಚಕ್ರದ ಕೆಳಗೆ ಮೂರು ನಾಲ್ಕು ಇಂಚು ಕಾಂಡ ಇಟ್ಟುಕೊಂಡು, ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಿ. ಗಾಳಿಯಾಡುವ ನೆರಳಿನಲ್ಲಿ ನಾಲ್ಕರಿಂದ ಏಳು ದಿನ ಬಿಡಿ. ಕೊಯ್ದ ಮುಖ ಒಣಗಿ, ಮುಟ್ಟಿದರೆ ಕಾಗದದಂತೆ ಆಗಬೇಕು. ಆಮೇಲೆ ಒಣ ಮಿಶ್ರಣದಲ್ಲಿ ಎರಡು ಇಂಚು ನೆಟ್ಟು, ಮೂರು ದಿನ ಬಿಟ್ಟು ಮೊದಲ ನೀರು. ಮೂರು ವಾರದ ಆಸುಪಾಸಿಗೆ ಮೆಲ್ಲಗೆ ಎಳೆದು ನೋಡಿ, ಹಿಡಿತ ಸಿಕ್ಕಿದ್ದರೆ ಬೇರು ಬಂದಿದೆ. ತಾಯಿಕಾಂಡದ ಮೊಂಡು ತುದಿಯ ಪಕ್ಕದಲ್ಲೂ ಸಾಮಾನ್ಯವಾಗಿ ಹೊಸ ಕವಲು ಒಡೆಯುತ್ತದೆ.

ಚಳಿಗಾಲದ ಕೊನೆಗೆ ಯಾವುದಾದರೂ ಚಕ್ರದ ನಡುಭಾಗ ಗೋಪುರದಂತೆ ಮೇಲೆದ್ದರೆ ಅದು ಹೂ ಬಿಡುವ ಸೂಚನೆ. ಹೂ ಬಿಟ್ಟ ತಲೆ ಸಾಯುತ್ತದೆ, ಅದು ಗಿಡದ ಸ್ವಭಾವ, ನಿಮ್ಮ ತಪ್ಪಲ್ಲ. ಕವಲುಗಳಿದ್ದರೆ ಅವು ಉಳಿಯುತ್ತವೆ. ಒಂಟಿ ಕಾಂಡದ ಗಿಡವಾದರೆ ಪೂರ್ತಿ ಹೋಗುತ್ತದೆ. ಮೊದಲೇ ತುಂಡು ಮಾಡಿ ಇಟ್ಟುಕೊಳ್ಳಿ ಎಂದದ್ದು ಇದಕ್ಕೂ ಸೇರಿ.

## ಹಂತ 4: ಮಲಗಿಸುವುದು (ಶಿವರಾತ್ರಿಯಿಂದ ಮೇ ಕೊನೆ)

ಗಿಡ ಕಳೆದುಕೊಳ್ಳುವುದು ಇಲ್ಲಿ, ಆದ್ದರಿಂದ ಕ್ರಮ ಬದಲಿಸದೆ ಮಾಡಿ.

ಮೊದಲು ಜಾಗ, ಆಮೇಲೆ ನೀರು. ಶಿವರಾತ್ರಿ ಕಳೆದ ವಾರ ಕುಂಡವನ್ನು ಬೆಳಗಿನ ಒಂಬತ್ತರವರೆಗೆ ಮಾತ್ರ ಬಿಸಿಲು ಬೀಳುವ ಪೂರ್ವದ ಗೋಡೆಯ ಬದಿಗೆ ಸರಿಸಿ. ಜಾಗ ಬದಲಿಸದೆ ನೀರು ಮಾತ್ರ ಕಡಿಮೆ ಮಾಡಿದರೆ ಗಿಡ ಬೇಯುತ್ತದೆ. ಸಿಮೆಂಟ್ ತಾರಸಿಯ ನೆಲದ ಮೇಲೆ ನೇರ ಇಡಲೇಬೇಡಿ. ರಾತ್ರಿ ಎಂಟಕ್ಕೆ ಬರಿಗಾಲಲ್ಲಿ ನಿಂತು ನೋಡಿ, ಕಾವು ಇನ್ನೂ ಇರುತ್ತದೆ. ರಾತ್ರಿಯ ತಂಪಿಲ್ಲದಿದ್ದರೆ ಈ ಗಿಡಕ್ಕೆ ವಿಶ್ರಾಂತಿಯೇ ಇಲ್ಲ. ನಾಲ್ಕು ಇಟ್ಟಿಗೆ ಜೋಡಿಸಿ ಮೇಲೆ ಹಲಗೆ ಹಾಕಿ ಅದರ ಮೇಲಿಡಿ. ಕಪ್ಪು ಪ್ಲಾಸ್ಟಿಕ್ ಕುಂಡವಾದರೆ ಹೊರಗಿನಿಂದ ಗೋಣಿಚೀಲ ಸುತ್ತಿ.

ನೆರಳಿಗೆ ಬಲೆ ಸಾಕು. ನಾನು ಬಳಸುವುದು ಹಳೆಯ ಬಿದಿರು ಚಂದ್ರಿಕೆ, ಅಂದರೆ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ತಟ್ಟೆ. ರೇಷ್ಮೆ ಮನೆಗಳಲ್ಲಿ ಪ್ಲಾಸ್ಟಿಕ್ಕಿನವು ಬಂದ ಮೇಲೆ ಬಿದಿರಿನವು ಅಟ್ಟ ಸೇರಿವೆ. ಒಂದನ್ನು ಗೋಡೆಗೆ ಓರೆಯಾಗಿ ಆನಿಸಿದರೆ ಆ ಸುರುಳಿಗಳ ಸಂದಿನಿಂದ ಬಿಸಿಲು ಚೂರುಚೂರಾಗಿ ಬೀಳುತ್ತದೆ, ಗಾಳಿ ತಡೆಯಿಲ್ಲದೆ ಆಡುತ್ತದೆ. ಹುಳು ಕೂತು ಗೂಡು ಕಟ್ಟಿದ ಸಾಲುಗಳ ಅಡಿಯಲ್ಲಿ ಒಂಬತ್ತು ಕುಂಡ ಹಿಡಿಯುತ್ತವೆ.

ಆಮೇಲೆ ನೀರು. ಮಾರ್ಚ್ ಮೊದಲ ಎರಡು ವಾರ ಹತ್ತು ದಿನಕ್ಕೊಮ್ಮೆ, ಮಾಮೂಲಿನ ಅರ್ಧ. ಮಾರ್ಚ್ ಮಧ್ಯದಿಂದ ಮೂರು ವಾರಕ್ಕೊಮ್ಮೆ ಒಂದು ಸಣ್ಣ ಕಾಫಿ ಲೋಟ ನೀರು, ಸಂಜೆ ಕುಂಡ ತಣ್ಣಗಾದ ಮೇಲೆ, ಅಂಚಿನ ಸುತ್ತ ಮಾತ್ರ. ಪೂರ್ತಿ ನಿಲ್ಲಿಸಬೇಡಿ. ಕೂದಲಿನಂಥ ಬೇರುಗಳು ಒಣಗಿ ಸತ್ತರೆ ಮಳೆಗಾಲ ಮುಗಿದಾಗ ಗಿಡಕ್ಕೆ ಕುಡಿಯಲು ಬಾಯಿಯೇ ಇರುವುದಿಲ್ಲ. ಚಕ್ರದ ನಡುವೆ ನೀರು ಬೀಳಕೂಡದು, ಸಿಂಪಡಣೆಯೂ ಬೇಡ.

ಮಲಗಿದ ಗಿಡ ಹೇಗಿರುತ್ತದೆ? ಅಂಗೈ ಅಗಲದ ಚಕ್ರ ಗುಲಾಬಿ ಮೊಗ್ಗಿನಂತೆ ಬಿಗಿದು ಎರಡು ಇಂಚಿಗೆ ಇಳಿದಿರುತ್ತದೆ. ಕೆಳಗಿನ ಎಲೆಗಳು ಹಳದಿಯಾಗಿ, ಆಮೇಲೆ ಕಾಗದವಾಗಿ, ದಿನಕ್ಕೊಂದೆರಡು ಉದುರುತ್ತವೆ. ಕಾಂಡದಿಂದ ದಾರದಂಥ ಬಿಳಿ ಬೇರು ಇಳಿದಿರಬಹುದು. ನೋಡಿದವರು "ಹೋಯ್ತು ಬಿಡಿ" ಅನ್ನುವ ಹಾಗೇ ಇರುತ್ತದೆ. ಕಾಂಡ ಒತ್ತಿ: ಪೆನ್ಸಿಲ್‌ನಂತೆ ಗಟ್ಟಿಯಿದ್ದರೆ ಎಲ್ಲವೂ ಸರಿ, ಏನೂ ಮಾಡಬೇಡಿ. ಒಣ ಎಲೆಗಳನ್ನು ಮಾತ್ರ ವಾರಕ್ಕೊಮ್ಮೆ ತೆಗೆಯಿರಿ, ಅವುಗಳ ಸಂದಿಯೇ ಹಿಟ್ಟು ತಿಗಣೆಯ ಮನೆ.

ಮಾಡಲೇಬಾರದ್ದು: ಗೊಬ್ಬರ ಹಾಕುವುದು, ಕುಂಡ ಬದಲಿಸುವುದು, ಕತ್ತರಿಸುವುದು, ಕಪ್ಪು ಬಣ್ಣ ಬರಲೆಂದು ಜ್ವಾರ್ಟ್‌ಕಾಪನ್ನು ಮಧ್ಯಾಹ್ನದ ಬಿಸಿಲಿಗಿಡುವುದು. ಬಣ್ಣ ಡಿಸೆಂಬರಿನಲ್ಲಿ ತಾನಾಗಿ ಬರುತ್ತದೆ.

## ಹಂತ 5: ಮೊದಲ ಮಳೆಯಿಂದ ಕಾಪಾಡುವುದು (ಭರಣಿಯಿಂದ ಆರಿದ್ರಾ)

"ಭರಣಿ ಮಳೆ ಬಂದರೆ ಧರಣಿ ಬದುಕೀತು" ಅನ್ನುತ್ತೇವೆ. ಧರಣಿಗೆ ಸರಿ. ಏಪ್ರಿಲ್ ಕೊನೆಯಿಂದ ಮೇ ತುಂಬ ಗುಡುಗಿನೊಡನೆ ಬರುವ ಈ ಮಳೆ ಮಲಗಿರುವ ಅಯೋನಿಯಂಗೆ ವಿಷ, ಏಕೆಂದರೆ ಮರುದಿನವೇ ಮತ್ತೆ 35 ಡಿಗ್ರಿ ಬಿಸಿಲು. ನೆನೆದ ಮಣ್ಣು, ಬಿಸಿ ಕುಂಡ, ನಿದ್ದೆಯ ಬೇರು, ಮೂರೂ ಸೇರಿದರೆ ನಾಲ್ಕೇ ದಿನದ ಕೆಲಸ.

ನಾನು ಆರು ವರ್ಷ ಸಾಕಿದ ಗಿಡ ಹೋದದ್ದು ಹೀಗೆಯೇ. ಮೇ ತಿಂಗಳ ಒಂದು ರಾತ್ರಿ ಹನ್ನೊಂದಕ್ಕೆ ಗಾಳಿ ಎದ್ದು ಮಳೆ ಬಂತು. ಹೊದಿಸಿದ್ದ ಶೀಟು ಹಾರಿಹೋಗಿದ್ದು ಬೆಳಗ್ಗೆ ತಿಳಿಯಿತು. ಕುಂಡ ಬಗ್ಗಿಸಿ ನೀರು ಚೆಲ್ಲಿ, ಒಣಗಲಿ ಎಂದು ಬಿಸಿಲಿಗಿಟ್ಟೆ. ಬಿಸಿಲಿಗೆ ಇಟ್ಟದ್ದೇ ತಪ್ಪು. ಐದನೇ ದಿನ ತಲೆ ಮುಟ್ಟಿದರೆ ಕೈಗೇ ಬಂತು.

ನೆನೆದುಹೋದರೆ ಮಾಡಬೇಕಾದದ್ದು: ಗಿಡವನ್ನು ಮಣ್ಣಿನ ಉಂಡೆ ಸಮೇತ ಕುಂಡದಿಂದ ಜಾರಿಸಿ ಹೊರತೆಗೆಯಿರಿ. ಹಳೆಯ ಪತ್ರಿಕೆಯ ನಾಲ್ಕು ಮಡಿಕೆಯ ಮೇಲೆ, ಫ್ಯಾನಿನ ಕೆಳಗೆ, ನೆರಳಿನಲ್ಲಿ ಎರಡು ದಿನ ಬಿಡಿ. ಚಕ್ರದ ನಡುವಿನ ನೀರನ್ನು ಹತ್ತಿಯಿಂದ ಹೀರಿಸಿ. ಉಂಡೆ ಒಣಗಿದ ಮೇಲೆ ಹಾಗೆಯೇ ವಾಪಸು ಕುಂಡಕ್ಕಿಳಿಸಿ.

ಏಪ್ರಿಲ್ 25ರ ಒಳಗೆ ಎಲ್ಲ ಕುಂಡಗಳನ್ನೂ ಸಜ್ಜೆಯ ಕೆಳಗೆ ಸೇರಿಸಿಬಿಡಿ. ಶೀಟು ಕಟ್ಟುವವರು ನಾಲ್ಕೂ ಮೂಲೆಗೆ ತಂತಿ ಬಿಗಿಯಿರಿ, ಇಟ್ಟಿಗೆಯ ಭಾರ ನಂಬಬೇಡಿ. ಬದಿಗಳನ್ನು ಮುಚ್ಚಬೇಡಿ, ಗಾಳಿ ನಿಂತರೆ ಒಳಗೆ ಹಬೆಯಾಗುತ್ತದೆ.

## ಹಂತ 6: ಮೋಡದ ದಿನಗಳು, ಎಚ್ಚರವಾಗುವ ಸೂಚನೆ (ಜುಲೈನಿಂದ ಅಕ್ಟೋಬರ್)

ಜುಲೈ, ಆಗಸ್ಟ್‌ನಲ್ಲಿ ಸೆಕೆ ತಗ್ಗುತ್ತದೆ, ಗಾಳಿ ಜೋರು, ಜಡಿಮಳೆ. ಗಿಡ ಅರೆನಿದ್ದೆಯಲ್ಲಿರುತ್ತದೆ. ನೀರು ಹದಿನೈದು ದಿನಕ್ಕೊಮ್ಮೆ ಸಾಕು, ಕಡ್ಡಿ ಒಣಗಿ ಬಂದಿದ್ದರೆ ಮಾತ್ರ. ಮೋಡದ ಬೆಳಕಿಗೆ ಬಲೆ ತೆಗೆಯಬಹುದು, ಮಳೆಯ ಮರೆ ತೆಗೆಯಬೇಡಿ. ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ.

ಈ ಕಾಲದ ಶತ್ರುಗಳು ಬಸವನಹುಳು ಮತ್ತು ಹಿಟ್ಟು ತಿಗಣೆ. ಕುಂಡದ ಮೇಲೆ ಇರುವೆ ಸಾಲು ಕಂಡರೆ ಎಲೆಯ ಬುಡ ಬಿಡಿಸಿ ನೋಡಿ, ಬಿಳಿ ಹತ್ತಿಯಂಥದ್ದು ಇದ್ದೇ ಇರುತ್ತದೆ. ಹತ್ತಿಗೆ ಸ್ಪಿರಿಟ್ ಅದ್ದಿ ಒಂದೊಂದನ್ನೇ ಒರೆಸಿ, ಐದು ದಿನ ಬಿಟ್ಟು ಮತ್ತೆ ಒರೆಸಿ. ಬೇವಿನೆಣ್ಣೆ ಸಿಂಪಡಿಸುವವರು ಸಂಜೆಯೇ ಮಾಡಿ, ಎಣ್ಣೆ ಮೆತ್ತಿದ ಎಲೆಗೆ ಬಿಸಿಲು ಬಿದ್ದರೆ ಸುಡುತ್ತದೆ.

ಎಚ್ಚರವಾಗುವ ಸೂಚನೆ ಚಕ್ರದ ನಟ್ಟನಡುವೆ ಕಾಣುತ್ತದೆ: ಬಿಗಿದ ಮೊಗ್ಗು ಸಡಿಲವಾಗಿ, ತಿಳಿ ಹಸಿರಿನ ಹೊಸ ಎಲೆ ಇಣುಕುತ್ತದೆ. ಅದು ಕಂಡ ಮೇಲೆ ಒಂದೇ ಸಲಕ್ಕೆ ನೆನೆಸದೆ, ವಾರಕ್ಕೊಂದು ಲೋಟದಂತೆ ಮೂರು ವಾರ ಕೊಟ್ಟು, ಆಮೇಲೆ ಧಾರಾಳ ನೀರಿಗೆ ಬನ್ನಿ. ಕ್ಯಾಲೆಂಡರ್ ಏನೇ ಹೇಳಲಿ, ಬಿಗಿದ ಮೊಗ್ಗು ಸಡಿಲವಾಗುವ ಮುನ್ನ ನೀರು ಹೆಚ್ಚಿಸಬೇಡಿ.

## ಹಂತ 7: ಕೊಳೆ ಹಿಡಿದರೆ

ಬಾಯಾರಿದ ಗಿಡ: ಎಲೆ ತೆಳ್ಳಗಾಗಿ ಬಳುಕುತ್ತದೆ, ಕಾಂಡ ಗಟ್ಟಿ. ಕೊಳೆತ ಗಿಡ: ಎಲೆ ನೀರು ತುಂಬಿದಂತೆ ಪಾರದರ್ಶಕವಾಗಿ, ಹಸಿರಿರುವಾಗಲೇ ಮುಟ್ಟಿದರೆ ಬೀಳುತ್ತದೆ. ಕಾಂಡ ಮಣ್ಣಿನ ಮಟ್ಟದಲ್ಲಿ ಕಪ್ಪಾಗಿ ಮೆತ್ತಗಿರುತ್ತದೆ. ಕೆಲವೊಮ್ಮೆ ಹೊರಗೆ ಒಣಗಿ ಒಳಗೆ ಪೊಳ್ಳಾಗಿರುತ್ತದೆ, ಒತ್ತಿದರೆ ಕುಸಿಯುತ್ತದೆ. ಅದೂ ಕೊಳೆಯೇ.

ಬೇಸಿಗೆಯಲ್ಲಿ ಕತ್ತರಿಸಬೇಡಿ ಎಂದಿದ್ದೆ. ಕೊಳೆಗೆ ಮಾತ್ರ ಆ ನಿಯಮವಿಲ್ಲ, ಕಂಡ ದಿನವೇ ಕತ್ತರಿಸಿ.

ಮೆತ್ತಗಿರುವ ಜಾಗಕ್ಕಿಂತ ಒಂದು ಇಂಚು ಮೇಲೆ ಮೊದಲ ಕೊಯ್ತ. ಕೊಯ್ದ ಮುಖವನ್ನು ಬೆಳಕಿಗೆ ಹಿಡಿಯಿರಿ. ಆರೋಗ್ಯದ ಕಾಂಡ ಒಳಗೆ ತಿಳಿ ಹಸಿರು ಅಥವಾ ಬಿಳಿ, ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ನಡುವೆ ಸೂಜಿಮೊನೆಯಷ್ಟು ಕಂದು ಚುಕ್ಕೆ ಇದ್ದರೂ ಕೊಳೆ ಮೇಲೇರಿದೆ. ಬ್ಲೇಡು ಸ್ಪಿರಿಟ್‌ನಲ್ಲಿ ಒರೆಸಿ, ಕಾಲು ಇಂಚು ಮೇಲೆ ಮತ್ತೊಂದು ಬಿಲ್ಲೆ. ಮತ್ತೆ ನೋಡಿ. ಚುಕ್ಕೆ ಪೂರ್ತಿ ಹೋಗುವವರೆಗೆ ಬಿಲ್ಲೆ ತೆಗೆಯುತ್ತಲೇ ಇರಿ, ಪ್ರತಿ ಕೊಯ್ತಕ್ಕೂ ಬ್ಲೇಡು ಒರೆಸಿ. ಇಲ್ಲಿ ಮರುಕಪಟ್ಟು "ಇಷ್ಟೇ ತಾನೆ" ಎಂದು ಒಂದು ಚುಕ್ಕೆ ಬಿಟ್ಟವರು ವಾರದೊಳಗೆ ತಲೆಯನ್ನೂ ಕಳೆದುಕೊಳ್ಳುತ್ತಾರೆ.

ಶುದ್ಧ ಮುಖ ಸಿಕ್ಕ ಮೇಲೆ ಇದ್ದಿಲ ಪುಡಿ ಸವರಿ, ಮನೆಯೊಳಗಿನ ತಂಪು ಮೂಲೆಯಲ್ಲಿ ಖಾಲಿ ಲೋಟದ ಬಾಯಿಗೆ ಚಕ್ರ ಕೂರುವಂತೆ ನಿಲ್ಲಿಸಿ, ಕಾಂಡ ಗಾಳಿಯಲ್ಲಿ ತೂಗುತ್ತಿರಲಿ. ಲೋಟದಲ್ಲಿ ನೀರು ಬೇಡ. ಬೇಸಿಗೆಯಲ್ಲಿ ಬೇರು ತಡ, ಕೆಲವು ತುಂಡುಗಳು ಸೆಪ್ಟೆಂಬರ್‌ವರೆಗೂ ಸುಮ್ಮನಿರುತ್ತವೆ. ಎಲೆ ಸೊರಗಿದರೂ ಕಾಂಡ ಗಟ್ಟಿಯಿದ್ದರೆ ಹಾಗೆಯೇ ಬಿಡಿ. ಕಾಂಡದ ಬದಿಯಲ್ಲಿ ಬಿಳಿ ಬೇರಿನ ಮೊಳಕೆ ಕಂಡ ದಿನ ಒಣ ಮಿಶ್ರಣಕ್ಕೆ ನೆಟ್ಟು, ಮೂರು ದಿನ ಬಿಟ್ಟು ಕುಂಡದ ಅಂಚಿಗೆ ಎರಡು ಚಮಚ ನೀರು ಹಾಕಿ. ಹಳೆಯ ಕುಂಡದ ಮಣ್ಣನ್ನು ಬೇರೆ ಗಿಡಕ್ಕೆ ಸುರಿಯಬೇಡಿ, ಕುಂಡವನ್ನು ಉಜ್ಜಿ ತೊಳೆದು ನಾಲ್ಕು ದಿನ ಸುಡುಬಿಸಿಲಿನಲ್ಲಿ ಕವುಚಿ ಹಾಕಿ.